ಒಂದು ಉಸಿರಿನಷ್ಟು ಸಾಲು

ಸತ್ತವರ ಉಸಿರು ಕೇಳಿಸುತ್ತದೆ ಎಂದು ಯಾರಾದರೂ ನನ್ನೆದುರು ಹೇಳಿದ್ದರೆ ಅವರನ್ನು ನೆರಳಿಗೆ ಕೂರಿಸಿ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದೆ. ದೆವ್ವ ಭೂತದ ವಿಷಯದಲ್ಲಿ ನನ್ನದು ಒರಟು ಸ್ವಭಾವ. ದಾರಿಯಲ್ಲಿ ಬಿದ್ದ ನಿಂಬೆಹಣ್ಣು ದಾಟಬೇಡ ಎಂದು ಅತ್ತೆ ಹೇಳಿದರೆ, ಬೇಕೆಂದೇ ದಾಟಿ ನಾಗಮಂಗಲದ ಬಸ್‌ಸ್ಟ್ಯಾಂಡಿಗೆ ನಡೆಯುತ್ತಿದ್ದವಳು ನಾನು. ಆದ್ದರಿಂದ ಇದನ್ನು ಓದಿದವರು ನನಗೆ ಮಜ್ಜಿಗೆ ತರುವುದು ಬೇಡ. ಇದು ಪಾಂಡವಪುರದ ನಮ್ಮ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಬಗ್ಗೆ. ಅವರು ಹೋಗಿ ಕೆಲವು ಮಳೆಗಾಲ ಕಳೆದಿವೆ.

ಕಚೇರಿಯಲ್ಲಿ ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಮೇಲಿನ ಅಧಿಕಾರಿಗಳೂ ಹಾಗೇ ಕರೆಯುತ್ತಿದ್ದರು. ನಾನು ಮನೆಯಲ್ಲಿ ‘ಯಜಮಾನ್ರು ಹಿಂಗಂದ್ರು’ ಎಂದಾಗಲೆಲ್ಲ ನನ್ನ ಗಂಡ ಪೇಪರಿನಿಂದ ತಲೆಯೆತ್ತಿ ತಾನು ಯಾವಾಗ ಹೇಳಿದೆ ಎಂದು ಕೇಳುತ್ತಿದ್ದ. ಯಜಮಾನರು ಉದ್ದನೆಯ ಆಳು, ಅರ್ಧ ತೋಳಿನ ಬಿಳಿ ಅಂಗಿ, ಬೆಳಗೊಳದ ಆಚೆಗಿನ ಹಳ್ಳಿಯಿಂದ ದಿನಾ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಅಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರು ಯಾವಾಗಲೂ ಇರುತ್ತಿತ್ತು. ಟೀ ಬಂದಾಗ ಅದನ್ನು ಹಲ್ಲಿನಲ್ಲಿ ಕಡಿದು, ಉಳಿದದ್ದನ್ನು ಮೇಜಿನ ಅಂಚಿಗೆ ಕುಟ್ಟಿ ಒಡೆದು ನಮಗೂ ಕೊಡುತ್ತಿದ್ದರು. ಅವರ ತಂದೆ ಆಲೆಮನೆ ನಡೆಸುತ್ತಿದ್ದವರು. ಚಿಕ್ಕಂದಿನಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತ ಕುಡಿದ ಹೊಗೆಯೆಲ್ಲ ಎದೆಯಲ್ಲೇ ಕೂತಿದೆ ಎಂದು ಕೆಮ್ಮು ಬಂದಾಗ ಹೇಳುತ್ತಿದ್ದರು. ನಾವು ಅದನ್ನು ತಮಾಷೆಗೆ ತೆಗೆದುಕೊಳ್ಳುತ್ತಿದ್ದೆವು.

ನಮ್ಮ ವಿಭಾಗದ ಕೆಲಸ ಸಣ್ಣದು. ಮೇಲಿನ ಅಣೆಕಟ್ಟೆಯಿಂದ ಹೇಮಾವತಿಗೆ ನೀರು ಬಿಟ್ಟರೆ ನಮಗೆ ಫೋನು ಬರುತ್ತದೆ. ನಾವು ಒಂದು ಎಚ್ಚರಿಕೆ ಬರೆದು ಹೊಳೆದಂಡೆಯ ಪಂಚಾಯಿತಿಗಳಿಗೆ ಇಮೇಲ್ ಮಾಡುತ್ತೇವೆ. ಅಲ್ಲಿ ಅದನ್ನು ಪ್ರಿಂಟು ತೆಗೆದು, ಆಟೋಗೆ ಮೈಕು ಕಟ್ಟಿ, ದಂಡೆಯುದ್ದಕ್ಕೂ ಓದುತ್ತ ಹೋಗುತ್ತಾರೆ. ಜನ ತಮ್ಮ ಮೋಟಾರು, ಪೈಪು, ದನ, ಮೇಕೆ ಎಲ್ಲವನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ನಿಜ. ಆದರೆ ಹೊಳೆಗೆ ಇಳಿದವನ ಮೊಬೈಲು ದಡದ ಮೇಲಿನ ಅಂಗಿಯ ಜೇಬಿನಲ್ಲಿರುತ್ತದೆ.

ನಾನು ಸೇರುವ ಮೊದಲು ಈ ಎಚ್ಚರಿಕೆ ಚೆಂದದ ಅಕ್ಷರ, ಕೆಂಪು ಬಣ್ಣ, ಲಾಂಛನ ಎಲ್ಲ ಹಾಕಿಕೊಂಡು ಹೋಗುತ್ತಿತ್ತಂತೆ. ಪಂಚಾಯಿತಿಯ ಹಳೇ ಕಂಪ್ಯೂಟರಿನಲ್ಲಿ ತೆಗೆದರೆ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವಂತೆ. ಯಜಮಾನರು ಅದನ್ನೆಲ್ಲ ನಿಲ್ಲಿಸಿ ಬರೀ ಅಕ್ಷರದ ಮೇಲ್ ಕಳಿಸಲು ಶುರು ಮಾಡಿದರು. ದಪ್ಪ ಅಕ್ಷರ ಇಲ್ಲ, ಬಣ್ಣ ಇಲ್ಲ, ಜೊತೆಗೆ ಅಂಟಿಸಿದ ಕಡತ ಇಲ್ಲ. ಅದರಲ್ಲಿ ಇನ್ನೊಂದು ತೊಂದರೆ ಬಂತು. ಸಾಲು ಎಲ್ಲಿ ಮುರಿಯಬೇಕೆಂದು ನಾವು ಹೇಳದಿದ್ದರೆ ಅದು ಉದ್ದಕ್ಕೆ ಹೋಗಿ ಪ್ರಿಂಟಿನಲ್ಲಿ ಕಾಗದದ ಅಂಚಿಗೆ ಕತ್ತರಿಸಿಹೋಗುತ್ತಿತ್ತು. ಆಗ ಅವರು ಮೇಲ್ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ ಹುಡುಕಿ ಒಂದು ಪುಟ್ಟ ಚೌಕ ಕಂಡುಹಿಡಿದರು. ಒಂದು ಸಾಲಿಗೆ ಇಷ್ಟು ಅಕ್ಷರ ಎಂದು ಅದರಲ್ಲಿ ಒಂದು ಅಂಕಿ ಹಾಕಿದರೆ, ಅಷ್ಟಾಗುತ್ತಲೇ ಪ್ರೋಗ್ರಾಮು ಸಾಲು ಮುರಿದು ಮುಂದಿನದನ್ನು ಕೆಳಗೆ ಇಳಿಸುತ್ತದೆ. ಕಂಪ್ಯೂಟರ್ ತಂದಾಗ ಅದರಲ್ಲಿ ಎಪ್ಪತ್ತೆರಡು ಇತ್ತು. ಯಜಮಾನರು ಅದನ್ನು ಇಳಿಸಿ ತಮಗೆ ಬೇಕಾದ ಅಂಕಿ ಇಟ್ಟರು.

ಆ ಅಂಕಿಯನ್ನು ಅವರು ಕಂಡುಕೊಂಡ ರೀತಿಯೇ ವಿಚಿತ್ರ. ಮೊದಲು ಎಚ್ಚರಿಕೆಯನ್ನು ನನ್ನ ಕಂಪ್ಯೂಟರಿಗೆ ಕಳಿಸಿ ಪ್ರಿಂಟು ಮಾಡಿಸುತ್ತಿದ್ದರು. ನಾಲೆಯ ಕಡೆಗಿನ ಕಿಟಕಿಯ ಹತ್ತಿರ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಹೊರಗಿನ ಲೋಕಕ್ಕೆಲ್ಲ ಕೇಳುವ ಹಾಗೆ ಓದುತ್ತಿದ್ದರು. ಒಂದು ಸಾಲಿಗೆ ಒಂದೇ ಉಸಿರು. ಸಾಲು ಮುಗಿಯುವ ಮುಂಚೆ ಉಸಿರು ಮುಗಿದರೆ ವಾಪಸು ಬಂದು ಅಂಕಿಯನ್ನು ಇಳಿಸುತ್ತಿದ್ದರು. ನಾಲೆ ಏರಿಯ ಮೇಲೆ ಹೋಗುವವರು, ನೀರು ಬಂತೇನೋ ಎಂದು ಗಾಬರಿಯಿಂದ ತಿರುಗಿ ನೋಡುತ್ತಿದ್ದರು.

ಇದೇನು ಹುಚ್ಚಾಟ ಎಂದು ಒಮ್ಮೆ ಕೇಳಿದ್ದೆ. ಅವರು ಬೆಲ್ಲ ಒಡೆಯುತ್ತ ತಮ್ಮೂರಿನಲ್ಲಿ ತಮಟೆ ಹೊಡೆದು ಸಾರುತ್ತಿದ್ದ ಕಾಲದ ಮಾತು ತೆಗೆದರು. ಸಾರುವವನು ಒಂದು ಉಸಿರಿಗೆ ಬರುವಷ್ಟು ಹೇಳಿ ತಮಟೆಯ ಮೇಲೆ ಒಂದು ಪೆಟ್ಟು ಹಾಕುತ್ತಿದ್ದನಂತೆ. ಪೆಟ್ಟು ಇರುವುದು ಸದ್ದಿಗಲ್ಲ, ಬಿಡುವಿಗೆ. ಆ ಬಿಡುವಿನಲ್ಲಿ ಕಿವಿ ಕೇಳದ ಮುದುಕಿ ಪಕ್ಕದವಳನ್ನು ಏನಂತೆ ಎಂದು ಕೇಳುತ್ತಾಳೆ, ಪಕ್ಕದವಳು ಹೇಳುತ್ತಾಳೆ.

‘ಸಾಲು ಓದೋರ ಉಸ್ರುಗಿಂತ ಉದ್ದ ಇರಬಾರ್ದು ಕಣವ್ವ. ಉಸ್ರು ತಕ್ಕಳೋ ಒತ್ನಲ್ಲೇ ಕೇಳ್ದೋರು ಕೇಳ್ದೆ ಇರೋರ್‌ಗೆ ಹೇಳೋದು. ಆ ಜಾಗ ಮಡಗಬೇಕು’ ಎಂದಿದ್ದರು.

ನಾನು ಆ ಕಚೇರಿಗೆ ಸೇರಿದ ಮೊದಲ ದಿನ ನಡೆದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚೀಲ ಇನ್ನೂ ಕೈಯಲ್ಲೇ ಇತ್ತು. ಯಜಮಾನರು ನನ್ನನ್ನು ಕಿಟಕಿಗೆ ಕರೆದು, ಕೈಗೆ ಒಂದು ಕಾಗದ ಕೊಟ್ಟು, ಜೋರಾಗಿ ಒಂದು ಸಾಲು ಓದು ಎಂದರು. ನನ್ನ ಕನ್ನಡ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಮುಖ ಊದಿಸಿಕೊಂಡೇ ಓದಿದೆ. ಅವರು ಕಾಗದ ನೋಡಲಿಲ್ಲ, ನನ್ನ ಕತ್ತನ್ನೇ ನೋಡುತ್ತಿದ್ದರು. ಓದಿ ಮುಗಿಸಿದ ಮೇಲೆ ತಲೆಯಾಡಿಸಿ ‘ಸರಿ ಆಯ್ತದೆ ಬುಡು’ ಎಂದರು. ಏನು ಸರಿಯಾಯಿತು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಧಿಕಾರಿಗಳ ಮುಂದೆ ಅವರು ವಾದ ಮಾಡಿದ್ದನ್ನು ನಾನು ಕಂಡಿಲ್ಲ. ಒಬ್ಬ ಎಂಜಿನಿಯರು ಬಂದು, ಈ ಮೊಟಕು ಸಾಲು ಅಸಹ್ಯ, ಎಲ್ಲ ಕಚೇರಿಯಲ್ಲಿರುವ ಹಾಗೆ ಎಪ್ಪತ್ತೆರಡೇ ಇರಲಿ ಎಂದು ಗದರಿದರು. ಆಗಲಿ ಸಾರ್ ಎಂದು ಕೈಕಟ್ಟಿ ನಿಂತರು. ಎಂಜಿನಿಯರ ಜೀಪು ಶ್ರೀರಂಗಪಟ್ಟಣದ ದಾರಿ ಹಿಡಿದ ಮೇಲೆ ಮತ್ತೆ ತಮ್ಮ ಅಂಕಿಯನ್ನೇ ಹಾಕಿಟ್ಟರು. ಹೀಗೆ ಆಗಲಿ ಎನ್ನುತ್ತಲೇ ತಮ್ಮದನ್ನು ನಡೆಸುವ ಜಾಣತನ ಅವರಿಗೆ ಚೆನ್ನಾಗಿ ಒಗ್ಗಿತ್ತು.

ಅಕ್ಕಿಹೆಬ್ಬಾಳಿನಲ್ಲಿ ನಮ್ಮ ಎಚ್ಚರಿಕೆ ಓದುತ್ತಿದ್ದವನು ಬೋರಣ್ಣ, ಅಲ್ಲಿಯ ನೀರಗಂಟಿ. ಬೆಳಗ್ಗೆ ನಲ್ಲಿಗೆ ನೀರು ಬಿಡುವುದು, ಬೇಕಾದಾಗ ಮೈಕು ಹಿಡಿಯುವುದು ಅವನ ಕೆಲಸ. ಗಟ್ಟಿ ಆಳು, ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಕೂಗಿದರೆ ಹೊಳೆಯಾಚೆ ಕೇಳುವ ಗಂಟಲು. ಓದಿ ಮುಗಿಸಿದ ಮೇಲೆ ನಮಗೆ ಫೋನು ಮಾಡಿ ಆಯಿತು ಎಂದು ಹೇಳುವ ಪದ್ಧತಿ. ಯಜಮಾನರ ಕೊನೆಯ ವರ್ಷದಲ್ಲಿ ಒಂದು ದಿನ ಅವನು ಫೋನಿನಲ್ಲಿ ಏದುಸಿರು ಬಿಡುತ್ತಿದ್ದ. ಓಡಿ ಬಂದೆಯಾ ಎಂದು ಕೇಳಿದೆ. ಇಲ್ಲ, ಆಟೋದಲ್ಲಿ ಕುಂತೇ ಓದಿದೆ ಎಂದ. ಈಚೆಗೆ ಸಾಲುಗಳು ಚಿಕ್ಕದಾಗುತ್ತಿವೆ, ಅವನ್ನು ಓದುತ್ತ ಓದುತ್ತ ತನಗೂ ಎದೆ ಹಿಡಿದ ಹಾಗಾಗುತ್ತದೆ, ಆಸ್ಪತ್ರೆಗೆ ಹೋದರೆ ಏನೂ ಇಲ್ಲ ಎನ್ನುತ್ತಾರೆ ಎಂದು ಹೇಳಿದ.

ನಾನು ಹಳೆಯ ಮೇಲ್‌ಗಳನ್ನು ತೆಗೆದು ನೋಡಿದೆ. ಅವನು ಹೇಳಿದ್ದು ನಿಜ. ಹಿಂದಿನ ಮಳೆಗಾಲದಲ್ಲಿ ಅಂಗೈ ಅಗಲವಿದ್ದ ಸಾಲು ಈಗ ಅದರ ಅರ್ಧಕ್ಕೆ ಬಂದಿತ್ತು. ಪಕ್ಕದ ಮೇಜಿನಲ್ಲೇ ಕೂತು, ಅವರ ಬೆಲ್ಲ ತಿಂದು, ದಿನಾ ಅವರು ಕಿಟಕಿಯಲ್ಲಿ ಓದುವುದನ್ನು ಕೇಳುತ್ತಿದ್ದರೂ ನನಗೆ ಗೊತ್ತಾಗಿರಲಿಲ್ಲ. ಆ ಮನುಷ್ಯ ತನ್ನ ಉಸಿರು ಎಷ್ಟು ಉಳಿದಿದೆ ಎಂದು ಅಳೆದು, ಆ ಚೌಕದಲ್ಲಿ ಹಾಕಿ, ಹೊಳೆದಂಡೆಗೆಲ್ಲ ಕಳಿಸುತ್ತಿದ್ದರು. ನನಗೆ ಅಳು ಬಂತು. ಡಾಕ್ಟರಿಗೆ ತೋರಿಸಿ ಎಂದು ಹೇಳಿದಾಗ, ಮಳೆಗಾಲ ಮುಗಿಯಲಿ ಎಂದರು. ಮಳೆಗಾಲ ಮುಗಿಯುವ ಮುಂಚೆ ಅವರನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವರು ಬರಲಿಲ್ಲ.

ಮಣ್ಣಿಗೆ ಹೋಗಿದ್ದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಒಂದು ಮಾತು ಹೇಳಿದರು. ಆಸ್ಪತ್ರೆಯಲ್ಲಿ ಕೊನೆಕೊನೆಗೆ ಅವರು ಮಾತಾಡುವುದನ್ನು ಬಿಟ್ಟಿದ್ದರಂತೆ. ತುಟಿ ಮಾತ್ರ ಆಡುತ್ತಿತ್ತಂತೆ. ಹತ್ತಿರ ಕಿವಿಯಿಟ್ಟರೆ ದಂಡೆಯ ಜನ ಮೇಲಕ್ಕೆ ಬನ್ನಿ ಎನ್ನುವ ನಮ್ಮ ಎಚ್ಚರಿಕೆಯೇ ಕೇಳುತ್ತಿತ್ತಂತೆ, ಒಂದೊಂದು ಉಸಿರಿಗೆ ಒಂದೊಂದು ಮಾತು.

ಅವರ ಕುರ್ಚಿ ನನಗೆ ಬಂತು, ಕಂಪ್ಯೂಟರೂ ಬಂತು. ಚೌಕ ತೆಗೆದು ನೋಡಿದೆ. ಇಪ್ಪತ್ತೊಂದು ಇತ್ತು. ಎಂಜಿನಿಯರು ಹೇಳಿದ ಎಪ್ಪತ್ತೆರಡನ್ನು ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಬೆರಳು ಮುಂದೆ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಮೂಗಿನ ನಳಿಕೆಯನ್ನು ನಾನೇ ಕಿತ್ತ ಹಾಗಾಗುತ್ತದೆ ಎನಿಸಿತು. ಇರಲಿ, ಇದೊಂದು ಮಳೆಗಾಲ ಅವರ ಉಸಿರಿನಲ್ಲೇ ಹೋಗಲಿ ಎಂದು ಬಿಟ್ಟೆ.

ಮುಂದಿನ ಸಲ ನೀರು ಬಿಟ್ಟಾಗ ಎಚ್ಚರಿಕೆ ಕಳಿಸಿ, ಸುಮ್ಮನೆ ಚೌಕ ನೋಡಿದೆ. ಹತ್ತೊಂಬತ್ತು ಇತ್ತು. ನಾನೇ ಮೊದಲು ತಪ್ಪಾಗಿ ನೋಡಿರಬೇಕು ಎಂದುಕೊಂಡೆ. ಅದರ ಮುಂದಿನ ಸಲ ಇನ್ನೂ ಕೆಳಗೆ ಬಂದಿತ್ತು. ಯಾರೋ ಕೈಯಾಡಿಸುತ್ತಿದ್ದಾರೆ ಎಂದು ಕಂಪ್ಯೂಟರಿಗೆ ಹೊಸ ಪಾಸ್‌ವರ್ಡು ಹಾಕಿ, ಗಂಡನಿಗೂ ಹೇಳದೆ ಇಟ್ಟುಕೊಂಡೆ. ಆಮೇಲೂ ಅಂಕಿ ಇಳಿದಾಗ ರಿಪೇರಿಗೆ ಬರುವವನನ್ನು ಮಂಡ್ಯದಿಂದ ಕರೆಸಿದೆ. ಅವನು ಎಲ್ಲ ತಡಕಾಡಿ, ಪ್ರೋಗ್ರಾಮು ಸರಿಯಾಗಿದೆ, ತಾನಾಗಿ ಅಂಕಿ ಇಳಿಯುವ ಏರ್ಪಾಡು ಇದರಲ್ಲಿ ಇಲ್ಲ, ನೀವೇ ಮರೆತು ಮುಟ್ಟಿರಬೇಕು ಮೇಡಂ ಎಂದು ನಕ್ಕು ಟೀ ಕುಡಿದು ಹೋದ. ನಾನು ಮುಟ್ಟಿರಲಿಲ್ಲ.

ಅದೇ ಹೊತ್ತಿಗೆ ಕಿಕ್ಕೇರಿಯ ಕಡೆಯ ನೆಂಟರ ಮದುವೆಗೆ ಹೋಗಿದ್ದವಳು ವಾಪಸು ಬರುವಾಗ ಅಕ್ಕಿಹೆಬ್ಬಾಳಿನ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಕಚೇರಿಯಲ್ಲಿ ಬೇರೆಯವರು ಫೋನಿನಲ್ಲಿ ನನ್ನಿಂದ ಪಾಸ್‌ವರ್ಡು ಕೇಳಿಕೊಂಡು ನನ್ನ ಪರವಾಗಿ ಎಚ್ಚರಿಕೆ ಕಳಿಸಿದ್ದರು. ದೂರದಲ್ಲಿ ಬೋರಣ್ಣನ ಮೈಕು ಕೇಳಿತು. ಎರಡು ಮಾತು, ಏದುಸಿರು. ಮತ್ತೆ ಎರಡು ಮಾತು, ಏದುಸಿರು. ಗಂಟಲು ಬೋರಣ್ಣನದು. ಎದೆ ಅವನದಲ್ಲ. ಸಾಲಿನ ಕೊನೆಯಲ್ಲಿ ಸಣ್ಣಗೆ ಎಳೆಯುತ್ತಿದ್ದ ಆ ಸೀಟಿಯಂಥ ಸದ್ದನ್ನು ನಾನು ಪಕ್ಕದ ಮೇಜಿನಲ್ಲಿ ಕೂತು ವರ್ಷಗಟ್ಟಲೆ ಕೇಳಿದ್ದೆ. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹೆಂಗಸು ಎಲೆಯಡಿಕೆ ಮೆಲ್ಲುತ್ತ, ‘ಸತ್ತೋದ್ರು ಅಂದ್ರಲ್ಲ ಆ ಯಪ್ಪ, ಇನ್ನೂ ಓದ್ತಾವ್ರೆ’ ಎಂದಳು. ಯಜಮಾನರು ಆ ಊರಿನಲ್ಲಿ ಒಂದು ದಿನವೂ ಮೈಕು ಹಿಡಿದವರಲ್ಲ, ಆಕೆ ಅವರ ದನಿ ಕೇಳಿರಲು ಸಾಧ್ಯವೇ ಇರಲಿಲ್ಲ.

ಕೊನೆಗೆ ಆ ದಿನ ಬಂತು. ನಮ್ಮ ಕಡೆ ಒಂದು ಹನಿ ಮಳೆಯಿಲ್ಲ, ಸುಡು ಬಿಸಿಲು. ಮಳೆಯೆಲ್ಲ ಮೇಲೆ ಸಕಲೇಶಪುರದ ಕಡೆ ಬಿದ್ದಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗ ಫೋನು ಬಂತು, ತುಂಬ ನೀರು ಬಿಟ್ಟಿದ್ದಾರೆ ಎಂದು. ಕೈ ತೊಳೆದು ಎಚ್ಚರಿಕೆ ಬರೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಬೋರಣ್ಣನ ಫೋನು.

‘ಅಕ್ಕ, ಸಾಲಿಗೆ ಒಂದೊಂದೇ ಮಾತು ಬಂದದೆ. ಓದಕ್ಕೋದ್ರೆ ಉಸ್ರು ಕಟ್ತದೆ. ಕಾಗ್ದ ಮಡಗ್ಬುಟ್ಟು ಬಾಯಲ್ಲೇ ಹೇಳನ ಅಂದ್ರೂ ಗಂಟ್ಲು ಹೊರಡ್ತಿಲ್ಲ.’ ಅವನು ಸುಮಾರು ಹೊತ್ತು ಉಸಿರಿಗೆ ಒದ್ದಾಡಿದ. ‘ನಮ್ಮವ್ವ ಮೇಕೆ ಒಡ್ಕಂಡು ಒಳೆ ತಾವ್ಕೆ ಓಗವ್ಳೆ. ಅವಳ್ಗೆ ಕಿವಿ ಕೇಳಕಿಲ್ಲ. ಎಲ್ಲವ್ಳೋ ಗೊತ್ತಿಲ್ಲ.’

ಚೌಕ ತೆಗೆದು ನೋಡಿದೆ. ಅದರಲ್ಲಿ ಒಂಬತ್ತು ಇತ್ತು. ಬೆರಳು ಅಂಕಿಯ ಮೇಲೆ ಇಟ್ಟಾಗ ಪಕ್ಕದಲ್ಲಿ ಯಾರೋ ಬಹಳ ಕಷ್ಟದಲ್ಲಿ ಉಸಿರೆಳೆದ ಹಾಗಾಯಿತು. ಪಕ್ಕದಲ್ಲಿದ್ದದ್ದು ಖಾಲಿ ಬಿದ್ದ ನನ್ನ ಹಳೆಯ ಮೇಜು, ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಭಯವಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಅವರು ನನಗೆ ಕೆಟ್ಟದ್ದನ್ನು ಒಂದು ದಿನವೂ ಬಯಸಿದವರಲ್ಲ. ಅಲ್ಲಿ ಒಬ್ಬ ಮುದುಕಿ ಹೊಳೆಯಲ್ಲಿದ್ದಾಳೆ, ಅವಳಿಗೆ ಅವರ ಉಸಿರು ಸಾಲುತ್ತಿಲ್ಲ. ‘ಸಾಕು ಯಜಮಾನ್ರೆ, ನೀವು ಸುಧಾರಿಸ್ಕಳಿ’ ಎಂದು ಖಾಲಿ ಮೇಜಿಗೆ ಹೇಳಿ ಆ ಒಂಬತ್ತನ್ನು ಅಳಿಸಿದೆ.

ಎಪ್ಪತ್ತೆರಡು ಹಾಕಬಹುದಿತ್ತು. ಆದರೆ ಅದರಲ್ಲಿ ಯಾರ ಉಸಿರೂ ಇಲ್ಲ, ಬಿಡುವೂ ಇಲ್ಲ. ನಾನು ಕಿಟಕಿಗೆ ಹೋಗಿ, ಎದೆ ತುಂಬ ಗಾಳಿ ತೆಗೆದುಕೊಂಡು ಎಚ್ಚರಿಕೆಯನ್ನು ಕೂಗಿ ಓದಿದೆ. ಉಸಿರು ಎಲ್ಲಿ ನಿಂತಿತೋ ಅಲ್ಲಿಗೆ ಲೆಕ್ಕ ಹಾಕಿದರೆ ನಲವತ್ತೆಂಟು ಬಂತು. ಅದನ್ನೇ ಚೌಕದಲ್ಲಿ ಹಾಕಿ ಎಚ್ಚರಿಕೆಯನ್ನು ಮತ್ತೆ ಕಳಿಸಿದೆ. ಬೋರಣ್ಣ ಫೋನು ಇಟ್ಟಿರಲಿಲ್ಲ. ಕಾಗದ ಹೊರಬಂದ ಸದ್ದು ಕೇಳಿತು, ಆಟೋ ಶುರುವಾಯಿತು, ಆಮೇಲೆ ಮೈಕಿನಲ್ಲಿ ಅವನ ಹಳೆಯ ಗಂಟಲು ಹೊರಟಿತು. ಒಂದು ಸಾಲು, ಬಿಡುವು, ಇನ್ನೊಂದು ಸಾಲು. ಕೇಳುತ್ತ ಕೇಳುತ್ತ ಅವನು ನಿಲ್ಲಿಸಿದಲ್ಲೆಲ್ಲ ನಾನೂ ಉಸಿರು ತೆಗೆದುಕೊಳ್ಳುತ್ತಿದ್ದೆ.

ಅವನ ತಾಯಿ ಉಳಿದಳು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಆ ಬಿಡುವಿನಲ್ಲಿ ಮುದುಕಿಯ ತೋಳು ಹಿಡಿದು ಹೊಳೆಯ ಕಡೆ ಕೈ ತೋರಿಸಿ ಮೇಲಕ್ಕೆ ಎಳೆದಳಂತೆ. ಒಂದು ಮೇಕೆ ಹೋಯಿತು. ಮುದುಕಿ ಆ ಮೇಕೆಗಾಗಿ ವಾರವೆಲ್ಲ ಬೋರಣ್ಣನನ್ನು ಬೈದಳು ಎಂದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. ಬೋರಣ್ಣನ ಏದುಸಿರು ಅವತ್ತೇ ನಿಂತಿತು. ಪಕ್ಕದ ಮೇಜಿನಲ್ಲೂ ಆಮೇಲೆ ಏನೂ ಕೇಳಲಿಲ್ಲ. ಅವರು ಸುಧಾರಿಸಿಕೊಂಡರು ಎಂದು ನಾನು ನಂಬಿದೆ. ಅವರ ಹೆಂಡತಿಗೆ ಒಂದು ಅಚ್ಚು ಬೆಲ್ಲ ಕೊಟ್ಟು ಕಾಲು ಮುಟ್ಟಿ ಬಂದೆ.

ಈ ಮಳೆಗಾಲದ ಮೊದಲ ನೀರು ಹೋದ ವಾರ ಬಿಟ್ಟರು. ಎಚ್ಚರಿಕೆ ಬರೆದು, ಕಳಿಸುವ ಮುಂಚೆ ಅಭ್ಯಾಸಬಲದಿಂದ ಚೌಕ ತೆಗೆದೆ. ನಲವತ್ತೇಳು ಇತ್ತು.

ಎದ್ದು ಕಿಟಕಿಗೆ ಹೋಗಿ ಓದಿದೆ. ನಲವತ್ತೆಂಟನೆಯ ಅಕ್ಷರಕ್ಕೆ ಉಸಿರು ಮುಟ್ಟಲಿಲ್ಲ. ನೆಗಡಿಯಿರಬೇಕು, ವಯಸ್ಸಿರಬೇಕು, ಮೆಟ್ಟಿಲು ಹತ್ತಿ ಬಂದದ್ದಿರಬೇಕು ಎಂದು ಸಮಾಧಾನ ಹೇಳಿಕೊಂಡೆ. ಮೊದಲ ದಿನ ನನ್ನ ಕತ್ತನ್ನೇ ನೋಡುತ್ತ ನಿಂತಿದ್ದ ಆ ಮನುಷ್ಯ ನೆನಪಾದರು. ಏನು ಸರಿಯಾಯಿತು ಎಂದು ನಾನು ಕೇಳದೆ ಬಿಟ್ಟದ್ದಕ್ಕೆ ಉತ್ತರ ಈಗ ಸಿಕ್ಕಿತು. ಅವರು ಅವತ್ತು ನೋಡಿದ್ದು ನನ್ನ ಕನ್ನಡವನ್ನಲ್ಲ, ತಮ್ಮ ನಂತರ ಆ ಚೌಕಕ್ಕೆ ಬೇಕಾದ ಉಸಿರನ್ನು. ಅವರ ಮೇಲೆ ಸಿಟ್ಟು ಬಂತು, ಹಿಂದೆಯೇ ಅವರನ್ನು ಒಂದು ಸಲ ನೋಡಬೇಕು ಎಂದೂ ಅನಿಸಿತು.

ಹೊಳೆ ನನಗಾಗಿ ಕಾಯುವುದಿಲ್ಲ. ನಲವತ್ತೇಳನ್ನು ಹಾಗೇ ಬಿಟ್ಟು ಎಚ್ಚರಿಕೆ ಕಳಿಸಿದೆ. ಬೋರಣ್ಣ ಫೋನು ಮಾಡಿ ಆಯಿತು ಎಂದ. ಅವನ ಉಸಿರಿನ ಬಗ್ಗೆ ನಾನು ಕೇಳಲಿಲ್ಲ.

ನನ್ನ ಹಳೆಯ ಮೇಜಿಗೆ ಸಂತೆಬಾಚಹಳ್ಳಿಯ ಕಡೆಯಿಂದ ನಾಗರಾಜು ಎನ್ನುವವರು ವರ್ಗವಾಗಿ ಬಂದಿದ್ದಾರೆ. ನಲವತ್ತು ದಾಟಿದವರು, ಅಗಲ ಎದೆ, ನಕ್ಕರೆ ವರಾಂಡದ ತನಕ ಕೇಳುತ್ತದೆ. ಅವರಿನ್ನೂ ಚೀಲ ಕೆಳಗಿಟ್ಟಿರಲಿಲ್ಲ. ಕಿಟಕಿಯ ಹತ್ತಿರ ಕರೆದು, ಕೈಗೆ ಕಾಗದ ಕೊಟ್ಟು, ಜೋರಾಗಿ ಒಂದು ಸಾಲು ಓದಿ ಎಂದೆ. ಯಾಕೆ ಮೇಡಂ ಎಂದು ನಗುತ್ತಲೇ ಓದಿದರು. ನಾನು ಕಾಗದ ನೋಡಲಿಲ್ಲ.

‘ಸರಿ ಆಯ್ತದೆ ಬುಡಿ’ ಎಂದೆ.